ಕ್ಯಾಪ್ಟನ್ ತೊಳೆದ ಬಾಟಲಿಗಳು

ಜನವರಿ 8

ಅಣ್ಣಾ,

ಈ ಕಾಗದ ನಿನ್ನ ಕೈ ಸೇರುವಾಗ ಒದ್ದೆಯಾಗಿರುತ್ತದೆ, ಬೈಯಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಇಟ್ಟಿದ್ದೇನೆ. ಆದರೆ ಮೀನಿನ ಪೆಟ್ಟಿಗೆಯೊಳಗಿನ ಐಸು ಯಾರ ಮಾತು ಕೇಳುತ್ತದೆ? ಐಸ್ ಫ್ಯಾಕ್ಟರಿಯವನು ಪುಕ್ಕಟೆ ಕೊಟ್ಟ. ಬೆಳಗಿನ ಬಸ್ಸಿನ ಕಂಡಕ್ಟರು "ಬಾಂಬ್ ಗೀಂಬ್ ಏನೂ ಇಲ್ವಲ್ಲ ಟೀಚರ್?" ಅಂತ ಕೇಳಿ ತನ್ನ ಸೀಟಿನ ಕೆಳಗೆ ತಳ್ಳಿಕೊಂಡ. ಮಧ್ಯಾಹ್ನದೊಳಗೆ ನಿನ್ನ ಲ್ಯಾಬಿಗೆ ಬಂದುಬಿಡಬೇಕು. ಫೋನ್ ಮಾಡೋಣವೆಂದರೆ ಲ್ಯಾಬಿನ ಫೋನು ನಿಮ್ಮ ಸಾಹೇಬರ ಮೇಜಿನ ಮೇಲೆ. ಮನೆಗೆ ಮಾಡಿದರೆ ಅಮ್ಮ ಕಿತ್ತುಕೊಂಡು ನನ್ನ ಮದುವೆ ವಿಷಯ ಶುರು ಮಾಡುತ್ತಾಳೆ. ಕಾಗದವೇ ವಾಸಿ.

ಪೆಟ್ಟಿಗೆಯಲ್ಲಿ ಐದು ಬಾಟಲಿ ಇದೆ. ಐದೂ ನಮ್ಮ ಕಡಲ ನೀರು. ಒಂದು ಬಂದರಿನ ಹತ್ತಿರದ್ದು, ಇನ್ನೊಂದು ದಂಡೆಯ ಹೋಟೆಲುಗಳ ಹಿಂದೆ ಹರಿಯುವ ತೊರೆ ಬಂದು ಕಡಲು ಸೇರುವ ಜಾಗದ್ದು, ಉಳಿದ ಮೂರು ಜನ ಈಜುವ ಕಡೆಯವು. ಏಳನೇ ಕ್ಲಾಸಿನ ಹನ್ನೆರಡು ಮಕ್ಕಳನ್ನು ಸೇರಿಸಿ "ಕಡಲ ಕಾವಲು" ಅಂತ ತಂಡ ಕಟ್ಟಿದ್ದೇನೆ. ಮೊದಮೊದಲು ಪಾಠ ತಪ್ಪುತ್ತದಲ್ಲ ಅನ್ನುವ ಆಸೆಗೆ ಬಂದವರೇ ಎಲ್ಲ. ಈಗ ನೋಡು, ಮೊಣಕಾಲ ನೀರಿನಲ್ಲಿ ನಿಂತು ಥರ್ಮಾಮೀಟರು ಹಿಡಿದು ದೊಡ್ಡ ಡಾಕ್ಟರುಗಳ ಹಾಗೆ ಮುಖ ಮಾಡುತ್ತವೆ.

ಇವರಿಗೆಲ್ಲ ಒಬ್ಬಳು ಯಜಮಾನಿ ಇದ್ದಾಳೆ. ದೋಣಿ ಎಂಜಿನ್ ರಿಪೇರಿ ಮಾಡುವವರ ಮಗಳು. ಇಡೀ ಶಾಲೆ ಅವಳನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತದೆ. ಈಜಿನಲ್ಲಿ ಎತ್ತಿದ ಕೈ, ಜಗಳದಲ್ಲೂ ಅಷ್ಟೇ. ಬಾಟಲಿ ತೊಳೆಯುವ ಜವಾಬ್ದಾರಿ ಅವಳದು. ನೀನು ಬಾಟಲಿ ಕುದಿಸು ಅಂದಿದ್ದೆ. ಅದು ಆಗಲಿಲ್ಲ. ಯಾವನೋ ಕೈ ಸುಟ್ಟುಕೊಂಡ ಮೇಲೆ ಶಾಲೆಯಲ್ಲಿ ಒಲೆ ಹಚ್ಚುವುದನ್ನೇ ಹೆಡ್ ಮೇಡಂ ನಿಲ್ಲಿಸಿದ್ದಾರೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ, ಚಿಂತೆ ಬೇಡ. ಬಾಟಲಿ ಫಳಫಳ ಹೊಳೆಯುತ್ತಿವೆ.

ಬೇಗ ರಿಸಲ್ಟ್ ಕಳಿಸು. ಮಕ್ಕಳು ನನ್ನ ತಲೆ ತಿನ್ನುತ್ತಿದ್ದಾರೆ.

ನಿನ್ನ ತಂಗಿ


ಜನವರಿ 13

ಕುಳ್ಳಿ,

ಪೆಟ್ಟಿಗೆ ಬಂತು. ಇಡೀ ಲ್ಯಾಬು ಮೀನು ಮಾರ್ಕೆಟ್ ಆಗಿದೆ. ಮೊದಲೇ ಇದು ನೆಲಮಾಳಿಗೆ, ಕಿಟಕಿ ಇಲ್ಲ. ಪಕ್ಕದ ಮೇಜಿನವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂತಿದ್ದಾನೆ.

ಐದು ಬಾಟಲಿಯ ನೀರನ್ನೂ ಗಾಜಿನ ತಟ್ಟೆಗೆ ಹಾಕಿ ಬೆಚ್ಚಗಿಟ್ಟು ನೋಡಿದೆ. ರೋಗಾಣು ಇದ್ದರೆ ಮಾರನೆಯ ದಿನಕ್ಕೆ ಚುಕ್ಕೆ ಚುಕ್ಕೆಯಾಗಿ ಬೆಳೆದಿರಬೇಕು. ಏನೂ ಬೆಳೆಯಲಿಲ್ಲ. ಐದೂ ಕ್ಲೀನು. ನಮ್ಮ ಸಾಹೇಬರಿಗೆ ಖುಷಿಯೋ ಖುಷಿ. ಶಾಲಾ ಮಕ್ಕಳಿಗೆ ನೆರವಾದ ಲ್ಯಾಬು ಅಂತ ಮೇಲಿನವರಿಗೆ ಬರೆದುಕೊಂಡಿದ್ದಾರೆ. ವರದಿಗೆ ಮೊಹರು ಹಾಕಿ ಸಹಿಯನ್ನೂ ಅವರೇ ಮಾಡಿದರು.

ಅಮ್ಮನ ಮೊಣಕಾಲು ನೋವು ಹಾಗೇ ಇದೆ. ಐಸು ಇನ್ನೂ ಸ್ವಲ್ಪ ಹಾಕು.

ಅಣ್ಣ


ಜನವರಿ 31

ಅಣ್ಣಾ,

ನಿನ್ನ ವರದಿ ಊರಲ್ಲಿ ಎಂಥ ಸಂಭ್ರಮ ಎಬ್ಬಿಸಿದೆ ಗೊತ್ತಾ? ಎರಡನೆಯ ಸಲದ್ದೂ ಕ್ಲೀನ್ ಅಂತ ಬಂದದ್ದೇ ತಡ, ನಗರಸಭೆ ಅಧ್ಯಕ್ಷರು ಖುದ್ದಾಗಿ ಶಾಲೆಗೆ ಬಂದರು. ದಂಡೆಯ ಮೇಲೆ ಈಗ ಆಳೆತ್ತರದ ನೀಲಿ ಫಲಕ ನಿಂತಿದೆ. "ಇಲ್ಲಿ ಈಜಲು ಅಡ್ಡಿಯಿಲ್ಲ. ನಮ್ಮ ಮಕ್ಕಳೇ ಪರೀಕ್ಷಿಸಿದ್ದಾರೆ." ಅಕ್ಷರ ಬರೆದವರು ನಮ್ಮ ಮಕ್ಕಳೇ. ಕ್ಯಾಪ್ಟನ್ ಏಣಿ ಹತ್ತಿ ಎಲ್ಲರಿಗೂ ಮೇಲಿನಿಂದಲೇ ಹುಕುಂ ಕೊಡುತ್ತಿದ್ದಳು. ದಂಡೆಯ ಹೋಟೆಲಿನವರು ಹನ್ನೆರಡು ಮಕ್ಕಳಿಗೂ ಐಸ್ ಕ್ರೀಮ್ ಕೊಡಿಸಿದರು. ಮಾರ್ಚ್ 15ಕ್ಕೆ ಹತ್ತು ಶಾಲೆಗಳ ಈಜು ಸ್ಪರ್ಧೆ ಇಲ್ಲೇ ನಡೆಯುತ್ತದಂತೆ.

ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ, ಅಮ್ಮನಿಗೆ ಈಗಲೇ ಹೇಳಬೇಡ. ನನ್ನನ್ನು ಖಾಯಂ ಮಾಡಲು ಹೆಡ್ ಮೇಡಂ ಬರೆದು ಕಳಿಸಿದ್ದಾರೆ. ಆರು ವರ್ಷದಿಂದ ಪ್ರತಿ ಬೇಸಿಗೆಯೂ ಕೆಲಸ ಇದೆಯೋ ಇಲ್ಲವೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡವಳು ನಾನು. ಶಾಲೆಯವರು ಕೊಟ್ಟ ಈ ಉಗ್ರಾಣದ ಮೇಲಿನ ಕೋಣೆಯ ಕಿಟಕಿಗೆ ಉಪ್ಪುಗಾಳಿಗೆ ತುಕ್ಕು ಹಿಡಿದು, ತೆಗೆಯಲೇ ಬರುವುದಿಲ್ಲ. ರಿಪೇರಿ ಮಾಡಿಸಿ ಅಂತ ಕೇಳಲೂ ಹೆದರಿಕೆ. ಖಾಯಂ ಆದ ದಿನ ಮೊದಲು ಆ ಕಿಟಕಿಯನ್ನು ಸುತ್ತಿಗೆಯಿಂದ ಒಡೆಯುತ್ತೇನೆ.

ತೊರೆಯ ಹತ್ತಿರ ಕ್ಯಾಪ್ಟನ್ ಮೂಗು ಮುಚ್ಚಿಕೊಂಡು, "ಟೀಚರ್, ಇಷ್ಟು ವಾಸನೆ ಬರತ್ತೆ, ಕ್ಲೀನ್ ಹೇಗಾಗತ್ತೆ?" ಅಂದಳು. ಮೂಗು ಹೇಳಿದ್ದೆಲ್ಲ ವಿಜ್ಞಾನ ಅಲ್ಲ ಅಂತ ಬುದ್ಧಿ ಹೇಳಿದೆ. ಒಪ್ಪಿದಳು ಅನ್ನು.

ತಂಗಿ


ಫೆಬ್ರವರಿ 6

ಕುಳ್ಳಿ,

ಮೂರನೆಯ ಪೆಟ್ಟಿಗೆಯದೂ ಅದೇ ಫಲಿತಾಂಶ. ಒಂದು ಚುಕ್ಕೆಯೂ ಇಲ್ಲ. ಬಂದರಿನ ನೀರಿನಲ್ಲೂ ಇಲ್ಲ.

ಬಾಟಲಿ ಹೇಗೆ ತೊಳೆಯುತ್ತೀರಿ? ನೀನೇ ನಿಂತು ಸ್ವಲ್ಪ ನೋಡು. ಮಕ್ಕಳ ಕೈಗೆ ಪೂರ್ತಿ ಬಿಡಬೇಡ.

ಖಾಯಂ ಆಗುವ ಸುದ್ದಿ ಕೇಳಿ ಸಂತೋಷವಾಯಿತು. ಅಮ್ಮನಿಗೆ ಹೇಳಿಲ್ಲ. ಇಲ್ಲೂ ಒಂದು ಮೇಲಿನ ಹುದ್ದೆ ಖಾಲಿ ಬಿದ್ದಿದೆ. ಸಾಹೇಬರು ನನ್ನ ಹೆಸರು ಹೇಳುವ ಹಾಗೆ ಕಾಣುತ್ತದೆ. ಇರಲಿ, ಆದಾಗ ನೋಡೋಣ.

ಅಣ್ಣ


ಫೆಬ್ರವರಿ 11

ಅಣ್ಣಾ,

ನಿನಗೆ ಚಿಕ್ಕಂದಿನಿಂದಲೂ ಇದೇ ಚಾಳಿ. ನಾನು ತೊಳೆದ ಲೋಟವನ್ನು ಮತ್ತೆ ತೊಳೆದೇ ನೀರು ಕುಡಿಯುತ್ತಿದ್ದವನು ನೀನು. ನನ್ನ ಮಕ್ಕಳು ಬಾಟಲಿ ಗಲೀಜು ಮಾಡುತ್ತಾರೆ ಅಂತ ತಾನೆ ನಿನ್ನ ಅನುಮಾನ? ನಿನ್ನ ಕಾಗದವನ್ನು ಕ್ಲಾಸಿನಲ್ಲೇ ಓದಿದೆ. ಕ್ಯಾಪ್ಟನ್ ಮುಖ ಇಷ್ಟು ಚಿಕ್ಕದಾಯಿತು. ಆವತ್ತಿನಿಂದ ಎಲ್ಲ ದುಪ್ಪಟ್ಟು. ಒಂದು ಚಮಚ ಇದ್ದದ್ದು ಎರಡಾಗಿದೆ. ತೊಳೆದು ತೊಳೆದು ಪಾಪ ಅವಳ ಬೆರಳ ತುದಿಯೆಲ್ಲ ಬೆಳ್ಳಗೆ ಸುಲಿದಿದೆ. ಇನ್ನು ನಿನ್ನ ಮೂಗಿಗೂ ತಪ್ಪು ಸಿಗಲಿಕ್ಕಿಲ್ಲ.

ಕ್ಲಾಸಿನಲ್ಲಿ ಹಾಜರಿ ಕಡಿಮೆ. ಎರಡು ಮಕ್ಕಳಿಗೆ ಕಿವಿ ಸೋರುತ್ತಿದೆ, ಒಬ್ಬನಿಗೆ ವಾಂತಿ. ಹವೆ ಬದಲಾದದ್ದಕ್ಕೆ ಇರಬೇಕು. ಸ್ಪರ್ಧೆಗೆ ಅಂತ ದಿನಾ ಸಂಜೆ ಈಜಿಸುತ್ತಿದ್ದಾರೆ, ಸುಸ್ತೂ ಆಗಿರುತ್ತದೆ.

ಈ ಸಲ ಒಂದು ಬಾಟಲಿ ಬಂಡೆಗೆ ಬಡಿದು ಒಡೆಯಿತು. ಈಜುವ ಜಾಗದ ನೀರನ್ನು ಕ್ಯಾಪ್ಟನ್ ತಾನು ಕುಡಿಯಲು ತರುವ ಬಾಟಲಿಗೇ ತುಂಬಿ ಇಟ್ಟಿದ್ದಾಳೆ. ಅವರಮ್ಮ ಅದನ್ನು ದಿನಾ ಕುದಿಯುವ ನೀರಲ್ಲಿ ಅದ್ದಿ ತೆಗೆಯುತ್ತಾರಂತೆ. ನಡೆಯುತ್ತದೆ ತಾನೆ?

ತಂಗಿ


ಫೆಬ್ರವರಿ 27

ಕುಳ್ಳಿ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕೆಲಸದ ಕಾರಣ ಹೇಳಬಹುದಿತ್ತು. ಹೇಳುವುದಿಲ್ಲ.

ಆ ಕುಡಿಯುವ ಬಾಟಲಿಯ ನೀರು ಹಾಕಿದ ತಟ್ಟೆ ತುಂಬ ಚುಕ್ಕೆ. ಎಣಿಸಲು ಜಾಗವಿಲ್ಲದಷ್ಟು. ಚರಂಡಿ ನೀರು ಬೆರೆತರೆ ಮಾತ್ರ ಹೀಗೆ ಬೆಳೆಯುತ್ತದೆ. ಉಳಿದ ನಾಲ್ಕು ಬಾಟಲಿಯ ತಟ್ಟೆಗಳು ಮಾತ್ರ ಎಂದಿನ ಹಾಗೆ ಖಾಲಿ. ಆ ನಾಲ್ಕು ಬಾಟಲಿಯ ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಹಾಗೆ ಬ್ಲೀಚಿಂಗ್ ವಾಸನೆ. ಬಾಟಲಿಗೆ ಬ್ಲೀಚಿಂಗ್ ಪುಡಿ ಹಾಕುತ್ತೀರಾ? ಹಾಕಿ ಹಾಗೇ ಬಿಡುತ್ತೀರಾ? ಹಾಗಿದ್ದರೆ ನೀರು ತುಂಬಿದ ಕೂಡಲೇ ರೋಗಾಣು ಬಾಟಲಿಯಲ್ಲೇ ಸಾಯುತ್ತವೆ. ನಾನು ಇಲ್ಲಿ ಸತ್ತ ನೀರು ಪರೀಕ್ಷೆ ಮಾಡಿ ಕಡಲು ಕ್ಲೀನು ಅಂತ ಬರೆಯುತ್ತಿದ್ದೇನೆ.

ಆ ವಾಸನೆ ನನಗೆ ಎರಡನೆಯ ಪೆಟ್ಟಿಗೆಯಲ್ಲೇ ಸ್ವಲ್ಪ ಬಂದಿತ್ತು. ಮೀನು, ಐಸು, ಏನೋ ಇರಬೇಕು ಅಂತ ಸುಮ್ಮನಾದೆ. ಸಾಹೇಬರು ಅಷ್ಟು ಖುಷಿಯಲ್ಲಿದ್ದರು. ಆಮೇಲೆ ಬಾಟಲಿ ಹೇಗೆ ತೊಳೆಯುತ್ತೀರಿ ಅಂತ ಕೇಳಿದೆನಲ್ಲ, ಬಿಡಿಸಿ ಹೇಳಬೇಕಿತ್ತು. ಹೇಳಲು ಧೈರ್ಯ ಬರಲಿಲ್ಲ.

ಮಕ್ಕಳನ್ನು ನೀರಿಗೆ ಇಳಿಸಬೇಡ.

ಅಣ್ಣ


ಮಾರ್ಚ್ 2

ಅಣ್ಣಾ,

ನಿನ್ನ ಕಾಗದ ಓದಿದೆ. ಹೌದು, ಬ್ಲೀಚಿಂಗ್ ಪುಡಿ. ಕಕ್ಕಸು ತೊಳೆಯಲು ಇಟ್ಟದ್ದು. ಹೇಗೆ ಶುರುವಾಯಿತು, ಯಾರು ಹೇಳಿದರು ಅಂತ ಈಗ ಕೆದಕಿ ಏನು ಪ್ರಯೋಜನ?

ಕಿವಿ ಸೋರುವವರು ಈಗ ಐದು ಜನ. ಒಬ್ಬ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ, ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲ. ಡಾಕ್ಟರು "ಕಡಲಲ್ಲಿ ಸ್ನಾನ ಮಾಡಿದ್ಲಾ?" ಅಂತ ಕೇಳಿದರಂತೆ. ಅವಳ ಅಪ್ಪ, "ಅಲ್ಲಿ ನೀರು ಚೆನ್ನಾಗಿದೆ ಡಾಕ್ಟ್ರೇ, ಬೋರ್ಡ್ ಹಾಕಿದಾರಲ್ಲ" ಅಂದರಂತೆ. ನನ್ನ ಮುಂದೆಯೇ ಅದನ್ನು ಹೇಳಿ, ಕೈ ಮುಗಿದು, "ನಿಮ್ಮಂಥ ಟೀಚರ್ ಇರೋದು ನಮ್ಮ ಪುಣ್ಯ" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಡ್ ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೆಟ್ಟಿರೋದು ಒಂದೇ ಒಂದು ಬಾಟಲಿ ತಾನೆ? ಅದೂ ಎಂಜಲು ಬಾಟಲಿ. ಹತ್ತು ಶಾಲೆಗೆ ಕರೆ ಹೋಗಿದೆ. ನಿಮ್ಮ ಖಾಯಂ ಫೈಲಿಗೆ ಈ ವಾರ ಮೇಲಿನವರ ಸಹಿ ಬೀಳ್ಬೇಕು. ಸ್ವಲ್ಪ ಯೋಚ್ನೆ ಮಾಡಿ ಮಾತಾಡಿ" ಅಂದರು. ಗದರಿಸಲಿಲ್ಲ ಅಣ್ಣಾ, ಮಗಳಿಗೆ ಹೇಳುವ ಹಾಗೆ ಹೇಳಿದರು. ಅದೇ ಹೆಚ್ಚು ಹೆದರಿಸಿತು.

ಹಳೆಯ ವರದಿಗಳು ತಪ್ಪು ಅಂತ ಲ್ಯಾಬಿನ ಮೊಹರು ಹಾಕಿ ಒಂದು ಸಾಲು ಬರೆಸಿ ಕಳಿಸು. ಅಷ್ಟಿದ್ದರೆ ಸ್ಪರ್ಧೆ ನಿಲ್ಲಿಸಬಹುದು. ಮಕ್ಕಳಿಗೆ ಇನ್ನೂ ಏನೂ ಹೇಳಿಲ್ಲ.

ತಂಗಿ


ಮಾರ್ಚ್ 9

ಕುಳ್ಳಿ,

ಸಾಹೇಬರು ಒಪ್ಪಲಿಲ್ಲ. "ನನ್ನ ಸಹಿಯನ್ನ ನಾನೇ ಸುಳ್ಳು ಅಂತ ಬರೀಲಾ? ನಿಮ್ಮ ತಂಗಿ ಬಾಟಲಿ ತೊಳೆದಿದ್ದಕ್ಕೆ ನನ್ನ ಕೆಲ್ಸ ತೊಳ್ಕೊಂಡು ಹೋಗ್ಲಾ?" ಅಂದರು. ಬಾಗಿಲು ಹಾಕಿಕೊಂಡೇ ಮಾತಾಡಿದರು. ಆ ಹುದ್ದೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಅದು ಕೋಣೆಯಲ್ಲೇ ಕೂತಿತ್ತು.

ಬಾಟಲಿಯಲ್ಲಿ ಬ್ಲೀಚಿಂಗ್ ಉಳಿದದ್ದರಿಂದ ಹಳೆಯ ವರದಿಗಳು ತಪ್ಪು ಅಂತ ಇದರ ಜೊತೆಗಿರುವ ಬಿಳಿ ಹಾಳೆಯಲ್ಲಿ ನಾನೇ ಬರೆದು ಸಹಿ ಮಾಡಿದ್ದೇನೆ. ಮೊಹರಿಲ್ಲ. ನನ್ನಿಂದ ಆದದ್ದು ಇಷ್ಟು. ಇದಕ್ಕೇ ಎರಡು ದಿನ ಬೇಕಾಯಿತು.

ನೆಲಮಾಳಿಗೆಯಲ್ಲಿ ಇವತ್ತು ಕರೆಂಟಿಲ್ಲ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಅಣ್ಣ


ಮಾರ್ಚ್ 12

ಅಣ್ಣಾ,

ನಿನ್ನ ಹಾಳೆ ಹಿಡಿದು ಅಧ್ಯಕ್ಷರ ಹತ್ತಿರ ಹೋದೆ. ಓದಿದರು, ತಿರುಗಿಸಿ ಹಿಂದಿನ ಬದಿಯನ್ನೂ ನೋಡಿದರು. "ಇದು ಲ್ಯಾಬಿನ ಸಹಿನೋ ಅಣ್ಣನ ಸಹಿನೋ?" ಅಂದರು. ಪಕ್ಕದಲ್ಲಿ ಕೂತ ಹೋಟೆಲಿನವನು ಕಿಸಕ್ಕನೆ ನಕ್ಕ.

ಶಾಲೆಗೆ ಬಂದು ಕ್ಯಾಪ್ಟನ್‌ಗೆ, "ನೀನು ಸ್ಪರ್ಧೆಗೆ ಇಳೀಬೇಡ, ನೀರು ಸರಿಯಿಲ್ಲ" ಅಂದೆ. ಅವಳು ನನ್ನ ಕೈಯಲ್ಲಿದ್ದ ನಿನ್ನ ಹಾಳೆಯ ಮೇಲೆ ಕಣ್ಣಾಡಿಸಿ, ನನ್ನ ಮುಖವನ್ನೇ ನೋಡಿ, "ನಮ್ಮ ಬಾಟಲಿ ತಪ್ಪಾಯ್ತಾ ಟೀಚರ್?" ಅಂದಳು. ಇಲ್ಲ ಅಂದೆ. ಯಾಕೆ ಹಾಗಂದೆನೋ. ಅವಳು ತಲೆಯಾಡಿಸಿ ಹೋದಳು.

ಮೊಹರು ಬೇಕು. ಹೇಗಾದರೂ ಮಾಡು.

ತಂಗಿ


ಮಾರ್ಚ್ 17

ಅಣ್ಣಾ,

ಮೊಹರು ಬರಲಿಲ್ಲ. ಸ್ಪರ್ಧೆ ಮಾತ್ರ ನಿಂತಿತು. ಮಕ್ಕಳು ನೀರಿಗೆ ಇಳಿಯಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹದಿನೈದರ ಬೆಳಗ್ಗೆ ದಂಡೆ ತುಂಬ ಜನ. ಹತ್ತು ಶಾಲೆಯ ಮಕ್ಕಳು ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ನಾನು ನಿನ್ನ ಹಾಳೆ ಹಿಡಿದು ಮೈಕಿನ ಹತ್ತಿರ ಹೋದೆ. ಅಧ್ಯಕ್ಷರು "ಟೀಚರ್ ಎರಡು ಮಾತಾಡ್ತಾರೆ" ಅಂತ ನಗುನಗುತ್ತಾ ಮೈಕು ಕೊಟ್ಟರು. ಎದುರಿಗೆ ಹೆಡ್ ಮೇಡಂ ಕೂತಿದ್ದರು. ನನಗೆ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಸಾಲಿನಿಂದ ಕ್ಯಾಪ್ಟನ್ ಬಂದಳು. ಬೇಡ ಅಂದಿದ್ದರೂ ಟೋಪಿ ಹಾಕಿಕೊಂಡು ನಿಂತಿದ್ದಳು. ನನ್ನ ಕೈಯಿಂದ ಮೈಕು ತೆಗೆದುಕೊಂಡು, "ಯಾರೂ ನೀರಿಗೆ ಇಳೀಬೇಡಿ. ಬಾಟಲಿ ತೊಳ್ದಿದ್ದು ನಾನು. ಬ್ಲೀಚಿಂಗ್ ಪುಡಿ ಹಾಕಿ ಹಾಗೇ ಬಿಟ್ಟೆ. ಅದಕ್ಕೇ ನೀರು ಕ್ಲೀನ್ ಅಂತ ಬಂತು. ನೀರು ಕ್ಲೀನ್ ಇಲ್ಲ. ನಂದೇ ತಪ್ಪು" ಅಂದಳು. ಟೋಪಿ ತೆಗೆದು, ಕಡಲಿಗೆ ಬೆನ್ನು ಹಾಕಿ ಮರಳಿನ ಮೇಲೆ ಕೂತುಬಿಟ್ಟಳು. ನಮ್ಮ ತಂಡದ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕೂತರು.

ಜನ ಕಕ್ಕಾಬಿಕ್ಕಿ. ನಿನ್ನ ಹಾಳೆಯನ್ನು ಯಾರೂ ನಂಬಿರಲಿಲ್ಲ, ಅವಳನ್ನು ನಂಬಿದರು. ಒಬ್ಬ ತಾಯಿ ಎದ್ದು ಮಗನ ಕೈ ಹಿಡಿದು ಎಳೆದುಕೊಂಡು ಹೋದಳು. ನೋಡ ನೋಡುತ್ತಾ ಎಲ್ಲ ಖಾಲಿ.

ಇಷ್ಟೇ ಆದದ್ದು. ತುಂಬ ತಲೆನೋವು. ಇನ್ನೊಮ್ಮೆ ಬರೆಯುತ್ತೇನೆ.

ತಂಗಿ


ಮಾರ್ಚ್ 20

ಕುಳ್ಳಿ,

ಸದ್ಯ, ದೊಡ್ಡ ಗಂಡಾಂತರ ತಪ್ಪಿತು. ಆ ಹುಡುಗಿಯ ತಪ್ಪು ಅಂತ ನನಗೆ ಮೊದಲೇ ಗೊತ್ತಾಗಿದ್ದರೆ ಇಷ್ಟು ಒದ್ದಾಡಬೇಕಿರಲಿಲ್ಲ. ಮಕ್ಕಳ ಕೈಗೆ ಪೂರ್ತಿ ಬಿಡಬೇಡ ಅಂತ ಹೇಳಿದ್ದೆ.

ಈಗ ಸಾಹೇಬರೂ ಮೆತ್ತಗಾದರು. ಲ್ಯಾಬಿನ ತಪ್ಪಲ್ಲ ಅಂತ ಆಯಿತಲ್ಲ, ಹೊಸ ವರದಿಗೆ ಮೊಹರು ಹಾಕಿ ನಿಮ್ಮ ನಗರಸಭೆಗೂ ಶಾಲೆಗೂ ಕಳಿಸಿದ್ದಾರೆ. "ವಿದ್ಯಾರ್ಥಿನಿಯೊಬ್ಬಳ ಅಜಾಗರೂಕತೆಯಿಂದ ಹಿಂದಿನ ಫಲಿತಾಂಶಗಳು ಅಸಿಂಧು" ಅಂತ. ನಾನೇ ಟೈಪ್ ಮಾಡಿದೆ. ಇನ್ನು ಯಾರೂ ಅಲ್ಲಿ ಈಜುವಂತಿಲ್ಲ. ತೊರೆಗೆ ಬಿಟ್ಟಿರುವ ಹೋಟೆಲುಗಳ ಚರಂಡಿಯನ್ನೂ ಮುಚ್ಚಿಸಬೇಕು ಅಂತ ಬರೆದಿದೆ.

ನಿನಗೆ ಏನೂ ತೊಂದರೆ ಆಗಲಿಲ್ಲವಲ್ಲ, ಅಷ್ಟು ಸಾಕು. ಅಮ್ಮನಿಗೆ ಎಲ್ಲ ಹೇಳಿದೆ. ನನ್ನ ಹುದ್ದೆಯೂ ಬಹುತೇಕ ಆದ ಹಾಗೆ.

ಅಣ್ಣ


ಮಾರ್ಚ್ 24

ಅಣ್ಣಾ,

ವರದಿ ಬಂತು. ಹೆಡ್ ಮೇಡಂ ಅದನ್ನು ಎಲ್ಲರಿಗೂ ಕಾಣುವ ಹಾಗೆ ನೋಟಿಸ್ ಬೋರ್ಡಿಗೆ ಹಾಕಿಸಿದ್ದಾರೆ. ವಿದ್ಯಾರ್ಥಿನಿಯ ಹೆಸರಿಲ್ಲ, ಆದರೆ ಯಾರು ಅಂತ ಶಾಲೆಯ ಗೋಡೆಗೂ ಗೊತ್ತು. ಕ್ಯಾಪ್ಟನ್ ಅಂತ ಈಗ ಯಾರೂ ಕರೆಯುವುದಿಲ್ಲ. "ಬ್ಲೀಚಿಂಗ್ ಬಂತು, ಬ್ಲೀಚಿಂಗ್ ಬಂತು" ಅನ್ನುತ್ತಾರೆ. ಸೋಮವಾರದಿಂದ ಅವಳು ಶಾಲೆಗೆ ಬಂದಿಲ್ಲ.

ಪುಡಿ ಹಾಕು ಅಂದವಳು ನಾನು. ಅದೇ ನನ್ನ ಉಪಾಯ. "ಆಮೇಲೆ ನಲ್ಲಿ ನೀರಲ್ಲಿ ತೊಳೀಬೇಕಾ ಟೀಚರ್?" ಅಂತ ಅವಳು ಕೇಳಿದ್ದಳು. "ನಲ್ಲಿ ನೀರು ತಾಗಿದ್ರೆ ಮತ್ತೆ ಕೊಳೆ ಆಗಲ್ವಾ? ಹಾಗೇ ಮುಚ್ಚಳ ಹಾಕು" ಅಂದವಳೂ ನಾನೇ. ಎರಡು ಚಮಚ ಮಾಡಿಸಿದ್ದೂ ನಾನೇ. ಅವಳು ಮೈಕಿನಲ್ಲಿ ನಂದೇ ತಪ್ಪು ಅನ್ನುವಾಗ ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಿನಗೆ ಬರೆಯುವಾಗಲೂ ಬಿಡಲಿಲ್ಲ. ನಾಚಿಕೆಯಿಂದ ಸಾಯುವ ಹಾಗಾಗಿದೆ.

ನಿನ್ನೆ ಮಧ್ಯಾಹ್ನ ಅವಳ ಮನೆಗೆ ಹೋದೆ. ಮನೆಯ ಮುಂದೆಯೇ ಅಪ್ಪನ ಶೆಡ್ಡು. ಬಿಚ್ಚಿ ಹರವಿದ ದೋಣಿ ಎಂಜಿನ್ನಿನ ನಟ್ಟುಗಳನ್ನು ಒಂದೊಂದಾಗಿ ಚಿಂದಿಯಲ್ಲಿ ಒರೆಸುತ್ತಾ ಕೂತಿದ್ದಳು. ಅಪ್ಪ ನನ್ನನ್ನು ನೋಡಿ ಎದ್ದು ನಿಂತು, "ಮಗಳಿಂದ ನಿಮಗೆ ಕೆಟ್ಟ ಹೆಸರು ಬಂತು ಟೀಚರ್, ಮನಸ್ಸಿಗೆ ಹಚ್ಕೋಬೇಡಿ" ಅಂದು, ಸ್ಟೂಲು ಒರೆಸಿ ಕೊಟ್ಟು ಒಳಗೆ ಹೋದರು. ಆ ಸ್ಟೂಲಿನ ಮೇಲೆ ಕೂರಲು ನನಗೆ ಆಗಲಿಲ್ಲ.

ಅವಳಿಗೆ, "ತಪ್ಪು ನಂದು. ಪುಡಿ ಹಾಕು ಅಂದಿದ್ದು ನಾನು" ಅಂದೆ.

"ಗೊತ್ತು ಟೀಚರ್. ತೊಳೀಬೇಕಾ ಅಂತ ಕೇಳಿದ್ದು ನಾನೇ ಅಲ್ವಾ?" ಅಂದಳು, ತಲೆ ಎತ್ತದೆ.

"ಮತ್ತೆ ನಿನ್ನ ಮೇಲೆ ಯಾಕೆ ಹಾಕ್ಕೊಂಡೆ?"

"ನೀವು ಮೈಕ್ ಹಿಡ್ಕೊಂಡು ನಡುಗ್ತಾ ಇದ್ರಿ. ನಿಮ್ಗೆ ಕೆಲ್ಸ ಖಾಯಂ ಆಗ್ಬೇಕು ಅಂತ ಎಲ್ರಿಗೂ ಗೊತ್ತು. ನನ್ನನ್ನ ಯಾರು ಕೆಲ್ಸದಿಂದ ತೆಗೀತಾರೆ?"

ನಾನು ಎಲ್ಲರ ಮುಂದೆ ನಿಜ ಹೇಳುತ್ತೇನೆ ಅಂದೆ. ಆಗ ತಲೆ ಎತ್ತಿದಳು. "ಬೇಡ ಟೀಚರ್. ಈಗ ಹೇಳಿದ್ರೆ ನಾನು ಸುಳ್ಳಿ ಆಗ್ತೀನಿ. ಇವರದ್ದೆಲ್ಲ ಬರೀ ಸುಳ್ಳು ಅಂತ ಜನ ಮತ್ತೆ ನೀರಿಗೆ ಇಳೀತಾರೆ" ಅಂದಳು.

ಎಂಥ ಒಳ್ಳೆಯ ನೆಪ ಕೊಟ್ಟಳು ನೋಡು. ಅದನ್ನು ಹಿಡಿದುಕೊಂಡು ನಾನು ಇಲ್ಲಿ ಜೀವಮಾನವಿಡೀ ಹಾಯಾಗಿ ಇರಬಹುದು. ಜನ ನೀರಿಗೆ ಇಳಿಯುವುದಿಲ್ಲ, ಮೊಹರು ಬಿದ್ದಾಗಿದೆ, ಅದು ನನಗೆ ಗೊತ್ತು. ಆ ಮೊಹರಿನ ಬಲ ಅವಳಿಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ಅವಳ ಮಾತನ್ನೇ ನನಗೆ ನಾನು ಹೇಳಿಕೊಂಡು ಬಂದೆ. ಕೋಣೆಗೆ ಬಂದರೆ ಹೆಡ್ ಮೇಡಂ ಕಳಿಸಿದ ಖಾಯಂ ಆದೇಶ ಬಾಗಿಲ ಸಂದಿಯಲ್ಲಿತ್ತು.

ನಾಳೆ ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ಹೇಳುತ್ತೇನೆ. ಈ ಕಾಗದ ಮೊದಲು ಬಸ್ಸಿಗೆ ಹಾಕುತ್ತೇನೆ, ಹೆದರಿ ಹಿಂದೆ ಸರಿಯದ ಹಾಗೆ. ನನ್ನ ಪಾಲಿನದು ನಾನು ಮಾಡಬಲ್ಲೆ. ಆದರೆ ವರದಿಯಲ್ಲಿರುವ ಆ ಸಾಲನ್ನು ನಾನು ಅಳಿಸಲಾರೆ. ಟೈಪ್ ಮಾಡಿದವನು ನೀನು. ಈ ಕಾಗದ ನಿಮ್ಮ ಸಾಹೇಬರ ಮೇಜಿನ ಮೇಲಿಡು. ಶಿಕ್ಷಕಿಯ ತಪ್ಪು ಅಂತ ಬರೆಸು. ವಾಸನೆ ಬಂದರೂ ಸುಮ್ಮನಿದ್ದ ಲ್ಯಾಬಿನವನ ವಿಷಯ ಬರೆಸುತ್ತೀಯೋ ಇಲ್ಲವೋ, ನಿನಗೆ ಬಿಟ್ಟದ್ದು. ನಿನ್ನ ಹುದ್ದೆ ಹೋಗಬಹುದು, ಅಮ್ಮನ ಎದುರು ಇಬ್ಬರೂ ಬರಿಗೈಯಲ್ಲಿ ನಿಲ್ಲಬೇಕಾಗಬಹುದು. ಅದೆಲ್ಲ ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ.

ಆಗುವುದಿಲ್ಲ ಅಂತ ಮಾತ್ರ ಬರೆಯಬೇಡ. ಅವಳಿಗೆ ಹನ್ನೆರಡು ವರ್ಷ, ಅಣ್ಣಾ.

ತಂಗಿ